ಹಗೇವು ಮುಚ್ಚುವ ದಿನ

ಕಬ್ಬು ನುರಿಸುವ ಹಂಗಾಮು ಆರಂಭವಾದೊಡನೆ ಮುಧೋಳ, ಜಮಖಂಡಿ, ಬೀಳಗಿ ತಾಲೂಕುಗಳ ರಸ್ತೆಗಳಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು ಕಾಣತೊಡಗುತ್ತದೆ. ಅದೇ ದಿನಗಳಲ್ಲಿ ನಮ್ಮ ದೇವಾಲಯಗಳಲ್ಲಿ ಆಗಮನ ಕಾಲ. ಅದರ ಬೆನ್ನಿಗೇ ಕ್ರಿಸ್ತಜಯಂತಿ. ಹೊಸ ಬಟ್ಟೆ, ಮನೆಗೆ ಸುಣ್ಣಬಣ್ಣ, ಬಂಧುಗಳ ಉಪಚಾರ, ಮುಂದೆ ಮದುವೆಗಳ ಸಿದ್ಧತೆ. ಹಣ ಬರುವ ಕಾಲವೂ ಹಣ ಹೋಗುವ ಕಾಲವೂ ಒಂದೇ ಆಗಿರುವ ಸೀಮೆ ನಮ್ಮದು. ಆದ್ದರಿಂದ ಖರ್ಚು ಹಾಗೂ ಉಳಿತಾಯದ ಕುರಿತು ನಾಲ್ಕು ಮಾತು ಹೇಳಲು ಇದೇ ತಕ್ಕ ಸಮಯವೆಂದು ಭಾವಿಸುತ್ತೇವೆ.

ತಿಂಗಳ ಸಂಬಳ ಕಾಣುವ ಮನೆಗಳು ಇಲ್ಲಿ ಕಡಿಮೆ. ಕಬ್ಬು ಬೆಳೆಗಾರನಿಗೆ ವರ್ಷದ ದುಡಿಮೆ ಒಂದೆರಡು ಕಂತುಗಳಲ್ಲಿ ಕೈಸೇರುತ್ತದೆ. ರಬಕವಿ-ಬನಹಟ್ಟಿಯ ನೇಕಾರನಿಗೆ ನೇಯ್ದ ಸೀರೆಗಳ ಲೆಕ್ಕದ ಮೇಲೆ ಕೂಲಿ ಚೂರುಚೂರಾಗಿ ದೊರೆಯುತ್ತದೆ. ಒಬ್ಬನಿಗೆ ಹಣ ಹೊಳೆಯಂತೆ, ಇನ್ನೊಬ್ಬನಿಗೆ ಹನಿಯಂತೆ. ಮೊದಲೇ ನಿರ್ಧಾರವಿಲ್ಲದಿದ್ದರೆ ಹೊಳೆಯೂ ಹರಿದುಹೋಗುತ್ತದೆ, ಹನಿಯೂ ಇಂಗಿಹೋಗುತ್ತದೆ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹೊಲ-ಮನೆಗಳನ್ನು ಬಿಟ್ಟುಕೊಟ್ಟ ಬೀಳಗಿ ಸೀಮೆಯ ಕುಟುಂಬಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಲ ವರ್ಷವರ್ಷವೂ ಕೊಡುತ್ತದೆ. ಪರಿಹಾರದ ಹಣ ಒಂದೇ ಸಲ ಬರುತ್ತದೆ.

ನಮ್ಮ ಹಿರಿಯರು ಜೋಳದ ರಾಶಿ ಮುಗಿದೊಡನೆ ನೆಲದಲ್ಲಿ ತೋಡಿದ ಹಗೇವಿಗೆ ಕಾಳು ಸುರಿದು, ಮಣ್ಣಿನಿಂದ ಬಾಯಿ ಮುಚ್ಚುತ್ತಿದ್ದರು. ತೆರೆದ ಚೀಲದಿಂದ ದಿನವೂ ಒಂದು ಹಿಡಿ ಹೋದರೆ ಯಾರಿಗೂ ತಿಳಿಯದು. ಮುಚ್ಚಿದ ಹಗೇವನ್ನು ತೆರೆಯಬೇಕಾದರೆ ಮನೆಯವರೆಲ್ಲ ಕೂಡಿ ಯೋಚಿಸಬೇಕಾಗುತ್ತಿತ್ತು. ಉಳಿತಾಯದ ಗುಟ್ಟು ಇಷ್ಟೇ. ಆದಿಕಾಂಡದಲ್ಲಿ ಯೋಸೇಫನು ಫರೋಹನಿಗೆ ಕೊಟ್ಟ ಸಲಹೆಯೂ ಇದೇ: ಸಮೃದ್ಧಿಯ ಏಳು ವರ್ಷಗಳಲ್ಲಿ ಬೆಳೆಯ ಐದನೆಯ ಒಂದು ಪಾಲನ್ನು ಮೊದಲೇ ತೆಗೆದಿರಿಸಬೇಕು. ಬರ ಬಂದ ಮೇಲೆ ತೆಗೆದಿರಿಸಲು ಏನೂ ಉಳಿದಿರುವುದಿಲ್ಲ.

ಒಂದು ಸರಳ ಲೆಕ್ಕವನ್ನು ನೋಡೋಣ. ಹಬ್ಬಕ್ಕೋ ಮದುವೆಗೋ 20,000 ರೂಪಾಯಿಗಳನ್ನು ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯಂತೆ ತಂದರೆ ತಿಂಗಳಿಗೆ 600 ರೂಪಾಯಿ ಬಡ್ಡಿಯಾಯಿತು. ಬಡ್ಡಿಯನ್ನಷ್ಟೇ ಕಟ್ಟುತ್ತ ಹೋದರೆ ಐದು ವರ್ಷಗಳಲ್ಲಿ 36,000 ರೂಪಾಯಿ ಕೈಬಿಡುತ್ತದೆ. ಅಸಲು ಹಾಗೆಯೇ ನಿಂತಿರುತ್ತದೆ. ಅದೇ 600 ರೂಪಾಯಿಗಳನ್ನು ಅಂಚೆ ಕಚೇರಿಯ ಐದು ವರ್ಷಗಳ ಆವರ್ತ ಠೇವಣಿಗೆ ಕಟ್ಟಿದರೆ 36,000 ರೂಪಾಯಿ ನಮ್ಮದೇ ಆಗಿ ಉಳಿದು, ಮೇಲೆ ಬಡ್ಡಿಯೂ ಸೇರುತ್ತದೆ. ಅಲ್ಲಿ ತಿಂಗಳಿಗೆ 100 ರೂಪಾಯಿಯಿಂದಲೂ ಆರಂಭಿಸಬಹುದು. ಒಂದು ದಿನದ ಮೆರವಣಿಗೆಗಾಗಿ ಐದು ವರ್ಷಗಳ ನೆಮ್ಮದಿಯನ್ನು ಒತ್ತೆಯಿಡುವುದು ದನದ ಕೊಟ್ಟಿಗೆಯಲ್ಲಿ ಹುಟ್ಟಿದ ಪ್ರಭುವಿಗೆ ಸಲ್ಲಿಸುವ ಗೌರವವೇ ಎಂದು ನಾವೆಲ್ಲರೂ ಕೇಳಿಕೊಳ್ಳಬೇಕಾಗಿದೆ.

ಆದರೆ ಮಿತವ್ಯಯದ ಉಪದೇಶವನ್ನು ಬಡವರಿಗೆ ಮಾತ್ರ ಮಾಡಿ ಸುಮ್ಮನಾಗುವುದು ನ್ಯಾಯವಲ್ಲ. ಜಗದ್ಗುರು 13ನೆಯ ಲಿಯೋ ಅವರು 1891ರ ‘ರೇರುಮ್ ನೊವಾರುಮ್’ ಪರಿಪತ್ರದಲ್ಲಿ ಉಳಿತಾಯದ ಮಾತನ್ನು ಕೂಲಿಯ ಮಾತಿನೊಂದಿಗೇ ಸೇರಿಸಿದ್ದಾರೆ: ಹೆಂಡತಿ-ಮಕ್ಕಳನ್ನು ಸಾಕಲು ಸಾಕಾಗುವಷ್ಟು ಕೂಲಿ ದೊರೆತಾಗ ಶ್ರಮಿಕನಿಗೆ ಉಳಿತಾಯ ಸುಲಭವಾಗುತ್ತದೆ. ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ವಿಧಿಸುತ್ತದೆ. ಹೊತ್ತಿಗೆ ಸರಿಯಾಗಿ ಹಣ ಬಾರದಿದ್ದಾಗಲೇ ಬೆಳೆಗಾರನು ಸಾಲದ ಬಾಗಿಲಿಗೆ ಹೋಗುವುದು. ನಮ್ಮಲ್ಲಿಯೂ ಮಗ್ಗದ ಮಾಲೀಕರಿರಬಹುದು, ಆಳುಗಳನ್ನಿಟ್ಟ ಹೊಲದೊಡೆಯರಿರಬಹುದು. ದುಡಿದವನ ಕೂಲಿಯನ್ನು ತಡೆಹಿಡಿದು ಕೂಡಿಸಿದ ಹಣ ಉಳಿತಾಯವೆನಿಸದು.

ಕೂಡಿಡುವುದರಲ್ಲಿಯೂ ಎರಡು ಬಗೆಗಳಿವೆ. ಸಂತ ಲೂಕನ ಶುಭಸಂದೇಶದ ಧನಿಕನು ಹಳೆಯ ಕಣಜಗಳನ್ನು ಕೆಡವಿ ದೊಡ್ಡವುಗಳನ್ನು ಕಟ್ಟಿಸಲು ಯೋಚಿಸಿದ. ಅವನ ಮಾತಿನಲ್ಲಿ ‘ನಾನು’ ಮತ್ತು ‘ನನ್ನದು’ ಬಿಟ್ಟರೆ ಬೇರೊಬ್ಬರ ಸುಳಿವಿರಲಿಲ್ಲ. ಯೋಸೇಫನ ಕಣಜಗಳಾದರೋ ಹಸಿದ ಜನತೆಗಾಗಿ ತೆರೆದವು. ಈ ಎರಡನೆಯ ದಾರಿ ನಮ್ಮ ನಾಡಿಗೆ ಹೊಸದಲ್ಲ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತನದಲ್ಲಿ ಕೃಷಿ ಸಹಕಾರ ಸಂಘ ಹುಟ್ಟಿತು. 1912ರಲ್ಲಿ ಮಂಗಳೂರಿನ ಕಥೋಲಿಕರು ತಮ್ಮದೇ ಸಹಕಾರಿ ಬ್ಯಾಂಕನ್ನು ಕಟ್ಟಿಕೊಂಡರು. ಒಬ್ಬರ ಉಳಿತಾಯ ಇನ್ನೊಬ್ಬರ ಕಷ್ಟಕಾಲಕ್ಕೆ ನೆರವಾಗುವ ಏರ್ಪಾಡು ಅದು.

ಕಬ್ಬಿನ ಬಿಲ್ಲು ಅಥವಾ ವಾರದ ಕೂಲಿ ಕೈಗೆ ಬಂದ ಸಂಜೆ ಪತಿ-ಪತ್ನಿಯರು, ಬೆಳೆದ ಮಕ್ಕಳು ಕೂಡಿ ಕುಳಿತು ಲೆಕ್ಕ ಹಾಕಲಿ. ಉದ್ರಿ ತೀರಿಸಲು ಎಷ್ಟು, ಮಕ್ಕಳ ಶಾಲೆಗೆ ಎಷ್ಟು, ಆಪತ್ತಿಗೆ ಎಷ್ಟು, ನಮಗಿಂತ ಕಷ್ಟದಲ್ಲಿರುವವರಿಗೆ ಎಷ್ಟು ಎಂಬುದು ಮೊದಲು ಗೊತ್ತಾಗಲಿ. ಹಬ್ಬದ ಪೇಟೆಗೆ ಹೋಗುವುದು ಆಮೇಲೆ. ಈ ವರ್ಷದ ಕ್ರಿಸ್ತಜಯಂತಿಯನ್ನು ಸಾಲವಿಲ್ಲದೆ ಆಚರಿಸುವ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಹೆಚ್ಚಲಿ ಎಂದು ಹಾರೈಸುತ್ತೇವೆ.