ಮಿರಗಕ್ಕೆ ಮುಂಚೆ ಸೀಳಬೇಕಾದ ಕಟ್ಟಿಗೆ

ಸೇಡಂ ತಾಲ್ಲೂಕಿನ ನಮ್ಮ ಮುಧೋಳದಲ್ಲಿ (ಬೇಟೆನಾಯಿಯ ಮುಧೋಳ ಬೇರೆ, ಅದು ಬಾಗಲಕೋಟೆ ಜಿಲ್ಲೆಯದು) ಯುಗಾದಿ ಕಳೆಯುತ್ತಲೇ ಹೆಣ್ಣುಮಕ್ಕಳ ತಲೆಯ ಮೇಲೆ ಎರಡು ಕೆಲಸ ಬೀಳುತ್ತವೆ. ಜೋಳ, ಬೇಳೆ ಬಿಸಿಲಿಗೆ ಹಾಕಿ ವರ್ಷಕ್ಕಾಗುವಷ್ಟು ತುಂಬಿಡುವುದು ಒಂದು. ಮಿರಗದ (ಮೃಗಶಿರಾ) ಮಳೆ ಬರುವುದರೊಳಗೆ ಕಟ್ಟಿಗೆ ಸೀಳಿ ಒಣಗಿಸಿ ಒಟ್ಟುವುದು ಇನ್ನೊಂದು. ಮೊದಲನೆಯದಕ್ಕೆ ಸಲಹೆ ಕೊಡಲು ಇಲಾಖೆಯವರಿದ್ದಾರೆ, ರೇಡಿಯೊ ಇದೆ. ಎರಡನೆಯದನ್ನು ಕೇಳುವವರೇ ಇಲ್ಲ. ಸಿಲಿಂಡರ್ ಬಂದ ಮೇಲೆ ಕಟ್ಟಿಗೆ ಒಲೆ ಆರಿಹೋಯಿತು ಎಂದು ದೊಡ್ಡವರೆಲ್ಲ ನಂಬಿದ್ದಾರೆ. ನಮ್ಮ ಓಣಿಯಲ್ಲಿ ಅದು ಆರಿಲ್ಲ.

ನಾನು ರೊಟ್ಟಿ ಬಡಿದು ಸೇಡಂನ ಖಾನಾವಳಿಗಳಿಗೆ ಕೊಡುವವಳು. ಮನೆಯಲ್ಲಿ ಗ್ಯಾಸ್ ಇದೆ. ಚಹಾ, ಸಾರು, ಮೊಮ್ಮಕ್ಕಳ ಹಾಲು ಅದರ ಮೇಲೆ. ಆದರೆ ನಮ್ಮ ಅಗಲವಾದ ಹಂಚು ಗ್ಯಾಸಿನ ಮೇಲೆ ನಡುವಷ್ಟೇ ಕಾಯುತ್ತದೆ, ರೊಟ್ಟಿಯ ಅಂಚು ಹಸಿಯಾಗಿ ಉಳಿಯುತ್ತದೆ. ಹಂಚಿನಿಂದ ತೆಗೆದ ರೊಟ್ಟಿಯನ್ನು ಒಲೆಯ ಬಾಯಿಗೆ ಎಳೆದ ಕೆಂಡದ ಎದುರು ನಿಲ್ಲಿಸಿದಾಗ ಅದು ಉಬ್ಬುವ ಚೆಂದವೇ ಬೇರೆ. ಹಂಡೆಯ ನೀರಿಗೂ ಕಟ್ಟಿಗೆಯೇ, ಮದುವೆ ಜಾತ್ರೆಯ ಅಡುಗೆಗೂ ಕಟ್ಟಿಗೆಯೇ. 2016ರಲ್ಲಿ ಉಜ್ವಲಾ ಯೋಜನೆ ಬಂತು, ಒಳ್ಳೆಯದೇ ಆಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ದೇಶದ ಶೇ 58.6ರಷ್ಟು ಮನೆಗಳಲ್ಲಿ ಶುದ್ಧ ಇಂಧನದಿಂದ ಅಡುಗೆಯಾಗುತ್ತದೆ ಎಂದಿತು. ಆದರೆ ಸಮೀಕ್ಷೆಯವರು ಕೇಳುವುದು ಅಡುಗೆಗೆ ಮುಖ್ಯವಾಗಿ ಏನು ಬಳಸುತ್ತೀರಿ ಎಂದು. ಗ್ಯಾಸ್ ಎಂದು ಉತ್ತರ ಕೊಟ್ಟ ಮನೆಯ ಹಿತ್ತಲಲ್ಲಿ ಉರಿಯುವ ಒಲೆ ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಲೆಕ್ಕಕ್ಕೆ ಬಾರದ ಒಲೆಗೆ ಕಟ್ಟಿಗೆ ಸೀಳುವವಳೂ ಲೆಕ್ಕಕ್ಕಿಲ್ಲ.

ನಮಗೆ ದೊಡ್ಡ ಆಸರೆ ತೊಗರಿ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಬೇಳೆಯ ಹೆಸರು ಊರೂರಿಗೆ ಹೋಯಿತು. ಕಟ್ಟಿಗೆಯ ಮಾತು ಯಾರೂ ಎತ್ತಲಿಲ್ಲ. ಎಳ್ಳಮಾಸಿಯ ಹೊತ್ತಿಗೆ ಕೊಯ್ಲು, ರಾಶಿಯಾದ ಮೇಲೆ ಕಣದ ಬದಿಗೆ ತೊಗರಿ ಕಟ್ಟಿಗೆಯ ಒಟ್ಟಿಲು. ನೆಟೆ ರೋಗ ಬಿದ್ದ ವರ್ಷ ಕಾಳು ಕೈಬಿಟ್ಟರೂ ಕಟ್ಟಿಗೆ ಉಳಿಯುತ್ತದೆ. ಅದಕ್ಕೆ ಕೊಡಲಿ ಬೇಡ, ಮೊಣಕಾಲಿಗೆ ಕೊಟ್ಟು ಮುರಿದರೆ ಸಾಕು. ಆದರೆ ಅದು ಭರ್ರನೆ ಉರಿದು ಮುಗಿಯುತ್ತದೆ, ಒಲೆ ಬಿಟ್ಟು ಏಳಲು ಬಿಡುವುದಿಲ್ಲ. ಕೆಂಡ ನಿಲ್ಲಬೇಕಾದರೆ ಬಳ್ಳಾರಿ ಜಾಲಿ ಬೇಕು, ಬೇವು ಬೇಕು, ಗಾಳಿಗೆ ಬಿದ್ದ ಹುಣಸೆಯ ಟೊಂಗೆ ಬೇಕು. ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ ಬಂದ ಗಿಡ. ಹತ್ತೊಂಬತ್ತನೇ ಶತಮಾನದಲ್ಲಿ ತಂದು ನೆಟ್ಟರು, ಈಗ ಹಳ್ಳದ ದಂಡೆಯೆಲ್ಲ ಅದೇ. ಕಡಿದಷ್ಟೂ ಚಿಗುರುತ್ತದೆ. ಚಿಂಚೋಳಿ ಕಾಡಿನ ಕಡೆ ಹೋಗುವ ಕೈಗಳು ಈ ಜಾಲಿಯ ಕಡೆ ತಿರುಗಬೇಕು ಎಂಬುದು ನನ್ನ ಆಸೆ. ಆ ಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು, ಅಲ್ಲಿಂದ ಹೊರೆ ತರುವ ತಾಂಡಾದ ಹೆಣ್ಣುಮಕ್ಕಳು ಭಯದಲ್ಲೇ ತರುತ್ತಾರೆ.

ಹಸಿ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಆ ನೀರು ಆವಿಯಾಗುವವರೆಗೆ ಒಲೆ ಬೆಂಕಿ ತನ್ನ ಕಟ್ಟಿಗೆಯನ್ನೇ ಕಾಯಿಸುತ್ತಿರುತ್ತದೆ, ಹಂಚನ್ನಲ್ಲ. ಚೆನ್ನಾಗಿ ಉರಿಯಬೇಕಾದರೆ ತೇವ ಶೇ 20ಕ್ಕಿಂತ ಕೆಳಗಿರಬೇಕು. ಅಳೆಯುವ ಯಂತ್ರ ಬೇಡ: ಎರಡು ತುಂಡು ಒಂದಕ್ಕೊಂದು ತಾಗಿಸಿದರೆ ಒಣಗಿದ್ದು ಟಣ್ ಎನ್ನುತ್ತದೆ, ಹಸಿಯದ್ದು ದಪ್ ಎನ್ನುತ್ತದೆ. ಒಣಗಿದ್ದರ ತುದಿ ಬಿರುಕು ಬಿಟ್ಟು ಸಿಪ್ಪೆ ಸಡಿಲವಾಗಿರುತ್ತದೆ. ಇಡೀ ಬೊಡ್ಡೆ ಎಷ್ಟು ಬಿಸಿಲಿಗೆ ಬಿದ್ದರೂ ಒಳಗೆ ಹಸಿಯೇ, ಸಿಪ್ಪೆ ತೇವವನ್ನು ಬಿಗಿಹಿಡಿದಿರುತ್ತದೆ. ಸೀಳಿದರೆ ಮಾತ್ರ ಒಣಗುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲು ದೇವರು ಕೊಟ್ಟ ಭಟ್ಟಿ. ಆಗಲೇ ಸೀಳಿಟ್ಟರೆ ಶ್ರಾವಣದ ಒಲೆ ಹೊಗೆಯಾಡುವುದಿಲ್ಲ. ಬೇಕಾದಾಗ ಸೀಳಿದರಾಯಿತು ಎಂದು ಬೊಡ್ಡೆ ಒಟ್ಟಿಡುವ ರೂಢಿಯನ್ನು ಮೊದಲು ಬಿಡಬೇಕು.

ಇನ್ನು ಕೊಡಲಿಯ ಮಾತು. ಇದನ್ನು ಬಿಡಿಸಿ ಹೇಳಲೇಬೇಕು. ಸಂತೆಯಲ್ಲಿ ಸಿಗುವ ಕೊಡಲಿ ಕಡಿಯಲು ಮಾಡಿದ್ದು. ಅದರ ಬಾಯಿ ತೆಳು, ಎಳೆಗೆ ಅಡ್ಡವಾಗಿ ಕತ್ತರಿಸಲು ಸರಿ. ಅದೇ ಕೊಡಲಿಯನ್ನು ಬೊಡ್ಡೆಯ ನೆತ್ತಿಗೆ ಹಾಕಿದರೆ ಕಚ್ಚಿ ಕೂರುತ್ತದೆ. ಅದನ್ನು ಕೀಳುವುದರಲ್ಲೇ ತೋಳು ಸೋಲುತ್ತದೆ. ಸೀಳುವ ಕೊಡಲಿಯ ಕೆನ್ನೆ ದಪ್ಪ ಇರಬೇಕು, ಒಳಹೋದಂತೆ ಎಳೆಯನ್ನು ಎರಡೂ ಕಡೆ ತಳ್ಳಬೇಕು. ಬಾಯಿ ಕ್ಷೌರದ ಕತ್ತಿಯಂತೆ ಹರಿತ ಇರಬೇಕಿಲ್ಲ. ಹೊರದೇಶದ ಹಲವು ಸೀಳುಗೊಡಲಿಗಳು ಮೂರು ಕಿಲೊಗೂ ಹೆಚ್ಚು ತೂಗುತ್ತವೆ, ಎತ್ತರದ ಗಂಡಸರಿಗೆ ಮಾಡಿದವು. ನಮಗೆ ಎರಡು ಕಿಲೊ ಸಾಕು ಎನ್ನುತ್ತೇನೆ. ತೂಕ ಇಮ್ಮಡಿಯಾದರೆ ಪೆಟ್ಟಿನ ಶಕ್ತಿ ಇಮ್ಮಡಿ, ಆದರೆ ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಕು ಪಟ್ಟು. ಎತ್ತಲಾರದ ಕೊಡಲಿಗಿಂತ ಬೀಸಬಲ್ಲ ಕೊಡಲಿ ಲೇಸು. ಕಾವು ಗಿಡ್ಡ ಇದ್ದರೆ ಗುರಿ ತಪ್ಪಿದ ಪೆಟ್ಟು ಮೊಣಕಾಲಿನ ಕೆಳಗೆ ಬರುತ್ತದೆ. ಉದ್ದ ಇದ್ದರೆ ನೆಲಕ್ಕೆ ಬೀಳುತ್ತದೆ. ಸಡಿಲವಾದ ಕಾವನ್ನು ನೀರಲ್ಲಿ ನೆನೆಸಿ ಬಿಗಿ ಮಾಡುವುದು ಒಂದು ದಿನದ ಉಪಾಯ, ಒಣಗಿದ ಮೇಲೆ ಮೊದಲಿಗಿಂತ ಸಡಿಲ.

ಗಂಟಿನ ಬೊಡ್ಡೆಗೆ ಕೊಡಲಿಯೂ ಸಾಲದು, ಉಕ್ಕಿನ ಬೆಣೆ ಮತ್ತು ದೊಡ್ಡ ಸುತ್ತಿಗೆ ಬೇಕು. ಇದರಲ್ಲಿ ನಮ್ಮ ಸೀಮೆ ಬಡವಲ್ಲ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸುತ್ತ ಫರ್ಸಿ ಕಲ್ಲನ್ನು ಪದರಪದರವಾಗಿ ಎಬ್ಬಿಸುವ ಖಣಿ ಕೆಲಸಗಾರರಿಗೆ ಬೆಣೆಯ ವಿದ್ಯೆ ಕರತಲಾಮಲಕ. ಎಲ್ಲಿ ಬಿರುಕು ಕಾಣುತ್ತದೋ ಅಲ್ಲಿ ಇಡು, ಅಂಚಿನಿಂದ ಶುರು ಮಾಡು, ನಡುವಿಗೆ ಹೊಡೆಯಬೇಡ ಎನ್ನುವುದು ಅವರ ಪಾಠ. ಮರಕ್ಕೂ ಅದೇ ಸರಿ. ಲಾರಿಯ ಹಳೇ ಕಮಾನು ಪಟ್ಟಿಯಿಂದ ಕೊಡಲಿ ಬಡಿಯುವ ಕಮ್ಮಾರರು ಇನ್ನೂ ಇದ್ದಾರೆ. ಹೊಡೆದು ಹೊಡೆದು ಬೆಣೆಯ ನೆತ್ತಿ ಅಣಬೆಯಂತೆ ಅರಳಿದರೆ ತಕ್ಷಣ ಸಾಣೆ ಹಿಡಿಸಬೇಕು, ಆ ಅಂಚಿನ ಚೂರು ಸಿಡಿದರೆ ಕಣ್ಣಿಗೇ ಬರುತ್ತದೆ.

ಫರ್ಸಿ ಹಾಸಿದ ಅಂಗಳದ ಮೇಲೆ ನೇರವಾಗಿ ಸೀಳುವುದನ್ನು ಎಷ್ಟೋ ಮನೆಗಳಲ್ಲಿ ನೋಡುತ್ತೇನೆ. ಕೊಡಲಿ ಕಲ್ಲಿಗೆ ತಾಗಿ ಬಾಯಿ ಮುರಿಯುತ್ತದೆ, ಪುಟಿದು ಬರುವುದೂ ಉಂಟು. ಮೊಣಕಾಲೆತ್ತರದ ಗಟ್ಟಿ ದಿಮ್ಮಿ ಇಟ್ಟು, ಅದರ ಮೇಲೆ ಹಳೇ ಟೈರು ಕೂರಿಸಿ, ಟೈರಿನೊಳಗೆ ಬೊಡ್ಡೆ ನಿಲ್ಲಿಸಿ ಹೊಡೆದರೆ ಸೀಳು ಚದುರುವುದಿಲ್ಲ, ಬಗ್ಗಿ ಆಯುವ ಕೆಲಸ ತಪ್ಪುತ್ತದೆ. ಫರ್ಸಿಯ ಉಪಯೋಗ ಬೇರೆ ಕಡೆ: ಒಡಕು ಫರ್ಸಿ ಹಾಸಿ ಅದರ ಮೇಲೆ ಸೀಳು ಒಟ್ಟಿದರೆ ನಮ್ಮ ಕರಿಮಣ್ಣಿನ ತೇವವೂ ಗೆದ್ದಲೂ ತಾಗುವುದಿಲ್ಲ. ಮೇಲ್ಭಾಗ ಮುಚ್ಚಿ, ಬದಿಗಳನ್ನು ಗಾಳಿಗೆ ಬಿಡಬೇಕು. ತಾಡಪತ್ರಿಯಿಂದ ಸುತ್ತಲೂ ಬಿಗಿದರೆ ಬೂಸಲು ಬರುತ್ತದೆ.

ಮೊಬೈಲಿನಲ್ಲಿ ಈಗ ಡ್ರಿಲ್ಲಿಗೆ ಸಿಕ್ಕಿಸುವ ತಿರುಪಿನ ಮೊನೆಯ ಸೀಳುವ ಸಾಧನ ತೋರಿಸುತ್ತಾರೆ. ಸೀರೆ ಉಟ್ಟವರು ಅದರ ಹತ್ತಿರವೂ ಹೋಗಬಾರದು. ಸೆರಗು ಸುತ್ತಿಕೊಂಡರೆ ಬಿಡಿಸಲು ಸಮಯ ಸಿಗುವುದಿಲ್ಲ.

ಒಣ ಕಟ್ಟಿಗೆಯೂ ಹೊಗೆ ಬಿಡುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನಮ್ಮತ್ತೆಯ ಕೆಮ್ಮು ಕೇಳುತ್ತ ಬಾಳಿದವಳಿಗೆ ಆ ಅಂಕಿ ದೂರದ್ದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಹೊಗೆಕೊಳವೆಯ ಅಸ್ತ್ರ ಒಲೆ ಮಾಡಿಕೊಟ್ಟರು. ಅಂಥ ಒಲೆಯ ಮುಚ್ಚಿದ ಬಾಯಿಗೆ ಬೊಡ್ಡೆ ತುರುಕಲು ಬರುವುದಿಲ್ಲ, ಗಿಡ್ಡಗೆ ಕತ್ತರಿಸಿ ಸಣ್ಣಗೆ ಸೀಳಿದ ಕಟ್ಟಿಗೆಯೇ ಬೇಕು. ಒಲೆ ಹಂಚಿದವರು ಜೊತೆಗೆ ಸೀಳುವ ಸಾಧನವನ್ನೂ ಕೊಟ್ಟಿದ್ದರೆ ಒಲೆಗಳು ಇನ್ನಷ್ಟು ಬಾಳುತ್ತಿದ್ದವು ಎಂಬುದು ನನ್ನ ನಂಬಿಕೆ.

ರೈತ ಸಂಪರ್ಕ ಕೇಂದ್ರದಲ್ಲಿ ಸಬ್ಸಿಡಿ ದರದಲ್ಲಿ ತಾಡಪತ್ರಿ ಸಿಗುತ್ತದೆ. ಅದೇ ಪಟ್ಟಿಗೆ ಸೀಳುಗೊಡಲಿಯನ್ನೂ ಒಂದು ಜೋಡಿ ಬೆಣೆಯನ್ನೂ ಸೇರಿಸಿ, ಹೆಣ್ಣುಮಕ್ಕಳ ಹೆಸರಿನಲ್ಲೇ ಕೊಡಲಿ. ಟ್ರ್ಯಾಕ್ಟರು, ರೋಟವೇಟರು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಟ್ರ್ಯಾಕ್ಟರಿಗೆ ಜೋಡಿಸಿ ನಿಧಾನವಾಗಿ ಒತ್ತಿ ಸೀಳುವ ಹೈಡ್ರಾಲಿಕ್ ಯಂತ್ರವನ್ನೂ ಇಡಲಿ. ಮೇ ತಿಂಗಳಲ್ಲಿ ಓಣಿಗೊಂದು ದಿನ ಬಂದರೆ ಮಳೆಗಾಲದ ಕಟ್ಟಿಗೆ ಮುಗಿಯುತ್ತದೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಎಂಜಿನಿಯರಿಂಗ್ ಕಾಲೇಜಿದೆ, ನಮ್ಮ ಕೈಗೆ ಒಗ್ಗುವ ಕೊಡಲಿ ಮಾಡುವುದು ಅವರಿಗೆ ಕಷ್ಟವಲ್ಲ. ಆದರೆ ಕಾವಿನ ಉದ್ದ, ತಲೆಯ ತೂಕ ಕಾಗದದ ಮೇಲೆ ತೀರ್ಮಾನಿಸುವ ಮುನ್ನ ಮಾದರಿಗಳನ್ನು ಮುಧೋಳಕ್ಕೆ ತರಲಿ, ಚಿಂಚೋಳಿಯ ತಾಂಡಾಗಳಿಗೆ ಒಯ್ಯಲಿ, ಜಾಲಿ ಬೊಡ್ಡೆ ಮುಂದಿಟ್ಟು ನಮ್ಮ ಕೈಗೆ ಕೊಟ್ಟು ನೋಡಲಿ.