ಬಲಗಡೆಯ ಕಿಟಕಿಯ ಪರವಾಗಿ

ವಿಮಾನದಲ್ಲಿ ಯಾವ ಕಿಟಕಿಯ ಬಳಿ ಕುಳಿತರೆ ನೋಟ ಚೆನ್ನಾಗಿರುತ್ತದೆ ಎಂದು ನಮ್ಮ ಕಡೆಯವರನ್ನು ಕೇಳಿ ನೋಡಿ. ಬೆಳಗಾವಿಯ ಸಾಂಬ್ರಾದಿಂದ ಮುಂಬಯಿಗೆ ಹಾರುವುದಾದರೆ ಎಡಗಡೆಯೇ ಕೂಡಬೇಕು, ಸಹ್ಯಾದ್ರಿ ಕಾಣುತ್ತದೆ, ಅದರಾಚೆ ಕೊಂಕಣ, ಅದೃಷ್ಟವಿದ್ದರೆ ಸಮುದ್ರ ಎನ್ನುತ್ತಾರೆ. ಚಿಕ್ಕೋಡಿಯವರೂ ರಾಯಬಾಗದವರೂ ಇದನ್ನೇ ಹೇಳುತ್ತಾರೆ. 30 ವರ್ಷ ಭೂಗೋಳ ಕಲಿಸಿದ ನನಗೆ ಈ ಉಪದೇಶ ಸಮ್ಮತವಲ್ಲ. ಬಲಗಡೆ ಕೂಡಬೇಕೆಂಬುದು ನನ್ನ ವಾದ.

ನಕಾಶೆ ಹರವಿ, ಪಟ್ಟಿಯಿಟ್ಟು, ಸಾಂಬ್ರಾದಿಂದ ಮುಂಬಯಿಗೆ ಒಂದು ಗೆರೆ ಎಳೆಯಿರಿ. ಅದು ನಿಪ್ಪಾಣಿಯ ಪಕ್ಕದಲ್ಲೇ ಹಾಯುತ್ತದೆ. ವಿಮಾನವು ಆ ಗೆರೆಯನ್ನೇ ಹಿಡಿದು ಹಾರಬೇಕೆಂದೇನೂ ಇಲ್ಲ, ದಿಕ್ಕು ತಿಳಿಯಲು ಅಷ್ಟು ಸಾಕು. ಗೆರೆಯ ಬಲಕ್ಕೆ ಮೊದಲು ಘಟಪ್ರಭೆಯ ಹಿಡಕಲ್ ಜಲಾಶಯ, ಬಳಿಕ ಚಿಕ್ಕೋಡಿ, ಅದರಾಚೆ ದೂಧಗಂಗೆಯನ್ನು ಕೂಡಿಸಿಕೊಂಡು ಯಡೂರಿನ ಕಡೆಯಿಂದ ಕುಡಚಿಯತ್ತ ಬಳಸಿಕೊಂಡು ಹೋಗುವ ಕೃಷ್ಣೆ. ಆಕಾಶ ತಿಳಿಯಾಗಿದ್ದರೆ ಕಾಗವಾಡದ ಬಯಲು, ಅಂಚಿನಲ್ಲಿ ಅಥಣಿಯ ಸೀಮೆ.

"ನಮ್ಮ ಹೊಲ ನೋಡಲು ವಿಮಾನ ಏಕೆ ಬೇಕು ಸರ್, ಬಸ್ಸಿನ ಕಿಟಕಿ ಸಾಲದೇ?" ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ. ಸಾಲದು. ಬಸ್ಸಿನಿಂದ ಕಾಣುವುದು ರಸ್ತೆಯ ಎರಡೂ ಬದಿಗೆ ಗೋಡೆಯಂತೆ ನಿಂತ ಆಳೆತ್ತರದ ಕಬ್ಬು ಮಾತ್ರ. ಆ ಹಸುರು ಎಷ್ಟು ದೂರದವರೆಗಿದೆ, ಎಲ್ಲಿ ಒಮ್ಮೆಲೇ ನಿಂತುಬಿಡುತ್ತದೆ ಎಂಬುದು ತಿಳಿಯಬೇಕಾದರೆ ಮೇಲಿನಿಂದಲೇ ನೋಡಬೇಕು. ಘಟ್ಟದ ನೆತ್ತಿಯಲ್ಲಿ ಸಾವಿರಾರು ಮಿಲಿಮೀಟರ್ ಸುರಿಯುವ ಮಳೆ ಅಥಣಿಗೆ ಬರುವಷ್ಟರಲ್ಲಿ 500–600ಕ್ಕೆ ಇಳಿದಿರುತ್ತದೆ. ಹಾಗಾಗಿ ಅಲ್ಲಿ ಹಸುರಿನ ಗಡಿಯನ್ನು ಗೊತ್ತುಪಡಿಸುವುದು ಮಳೆಯಲ್ಲ, ನದಿಯಿಂದ ಹೊರಟ ಪೈಪು ಮತ್ತು ಕಾಲುವೆ. ಪೈಪು ಮುಗಿದಲ್ಲಿ ಬೂದುಬಣ್ಣದ ಬೆದ್ದಲು. ಆ ಹಸುರಿನ ನಡುವೆಯೇ ಅಲ್ಲಲ್ಲಿ ಬಿಳಿಯ ತೇಪೆಗಳು ಕಂಡರೆ ಅವು ಏನೆಂದು ಕೃಷ್ಣಾತೀರದ ರೈತನಿಗೆ ಹೇಳಿಕೊಡಬೇಕಾಗಿಲ್ಲ. ಎರೆಭೂಮಿಗೆ ವರ್ಷಾನುಗಟ್ಟಲೆ ಅತಿಯಾಗಿ ನೀರು ಹಾಯಿಸಿ ನಾವೇ ಮಾಡಿಕೊಂಡ ಸವಳು ಅದು. ತನ್ನ ಹೊಲದ ಸವಳನ್ನು ಬಲ್ಲ ರೈತನಿಗೂ ಇಡೀ ನದಿಪಾತ್ರದ ಸವಳು ಒಟ್ಟಿಗೆ ಕಾಣುವುದು ಇಲ್ಲಿಂದಲೇ.

ಇದು ರಮ್ಯ ನೋಟವಲ್ಲ ಎನ್ನುವವರಿದ್ದಾರೆ. ರಮ್ಯತೆಯೆಂದರೆ ಪರರ ಗುಡ್ಡ, ಪರರ ಸಮುದ್ರ ಎಂದು ಯಾರು ವಿಧಿಸಿದರೋ ಕಾಣೆ! 2005, 2019 ಮತ್ತು 2021ರ ಮಹಾಪೂರದಲ್ಲಿ ಈ ನದಿಯೇ ನಮ್ಮ ಊರುಗಳನ್ನು ಹೊಕ್ಕಿತು. ಬೇಸಿಗೆ ಬಂತೆಂದರೆ ಇದೇ ನದಿಗೆ ಕೊಯ್ನಾದಿಂದ ನೀರು ಬಿಡಿರೆಂದು ಮಹಾರಾಷ್ಟ್ರವನ್ನು ಬೇಡುತ್ತ ಬಂದಿದ್ದೇವೆ. ಮೇ ತಿಂಗಳಿನಲ್ಲಿ ಬಾಂದಾರಗಳ ಹಿಂದೆ ಉಳಿದ ಮಡುಗಳನ್ನು ಮೇಲಿನಿಂದ ಒಮ್ಮೆ ಎಣಿಸಿದವನು ಕಬ್ಬಿನ ಬೆಲೆಯ ಜೊತೆಗೆ ಕಬ್ಬು ಕುಡಿಯುವ ನೀರಿನ ಲೆಕ್ಕವನ್ನೂ ಕೇಳಿಯಾನು.

ಇನ್ನು ಅನುಕೂಲದ ಮಾತು. ಉತ್ತರಕ್ಕೆ ಹಾರುವಾಗ ಬಲಗಡೆ ಪೂರ್ವ. ಬೆಳಗಿನ ಹೊತ್ತು ಬಿಸಿಲು ಕಣ್ಣಿಗೆ ಚುಚ್ಚುತ್ತದೆ, ಸಂಜೆಯ ವಿಮಾನವೇ ಲೇಸು. ಏರ್‌ಬಸ್ಸಿನಂಥ ವಿಮಾನದ ರೆಕ್ಕೆ ಕಿಟಕಿಗಿಂತ ಕೆಳಗಿರುವುದರಿಂದ ನಡುವಿನ ಸಾಲುಗಳಲ್ಲಿ ಕುಳಿತರೆ ರೆಕ್ಕೆಯೇ ದರ್ಶನ. ಎ.ಟಿ.ಆರ್. ವಿಮಾನದ ರೆಕ್ಕೆ ಮೇಲಿರುತ್ತದೆ, ನೆಲಕ್ಕೆ ಅಡ್ಡವಾಗದು. ಮಳೆಗಾಲದಲ್ಲಂತೂ ಸಹ್ಯಾದ್ರಿಯ ಮೇಲೆ ಮೋಡದ ಕಂಬಳಿ ಹೊದ್ದಿರುತ್ತದೆ. ಎಡಗಡೆಯ ಪಕ್ಷದವರು ಆಗ ಏನನ್ನು ನೋಡುತ್ತಾರೋ ಅವರೇ ಹೇಳಬೇಕು.

ಹೆಚ್ಚಿಗೆ ಹಣ ತೆತ್ತು ಕಿಟಕಿ ಹಿಡಿದು, ವಿಮಾನ ಏರುತ್ತಲೇ ಪರದೆ ಎಳೆದು ಮೊಬೈಲಿನಲ್ಲಿ ಮುಳುಗುವ ಮಹನೀಯರಲ್ಲಿ ಒಂದೇ ವಿನಂತಿ. ತಾವು ನಡುದಾರಿಯ ಬದಿಗೆ ಕುಳಿತು, ಆ ಜಾಗವನ್ನು ಅಥಣಿಯ ಕಡೆಯ ಯಾವುದಾದರೂ ಹುಡುಗನಿಗೆ ಬಿಟ್ಟುಕೊಡಬೇಕು.