ಹಿರಿಯರ ವಿದೇಶಯಾನ: ಪ್ರವಾಸವೋ, ಪಾಳಿಯೋ?

ಬೆಂಗಳೂರಿನ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಕಾರ್ಯಾರಂಭ ಮಾಡಿದಾಗ, ಜಯನಗರ, ಬಸವನಗುಡಿಗಳ ನಿವಾಸಿಗಳು ಅದು ಬಲು ದೂರವಾಯಿತೆಂದು ಗೊಣಗಿದ್ದರು. ಚಿಕ್ಕಬಳ್ಳಾಪುರದ ಜನರಿಗಾದರೋ ಅದು ಹಿತ್ತಲ ಬಾಗಿಲಿಗೇ ಬಂದಂತಾಯಿತು. ಅದರ ಹಿಂದಿನ ವರ್ಷವಷ್ಟೇ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗಿತ್ತು. ಒಂದು ಕಾಲದಲ್ಲಿ ಚಿಂತಾಮಣಿ, ಶಿಡ್ಲಘಟ್ಟಗಳ ಜನ ಬೆಂಗಳೂರು ಕಾಣಲು ನ್ಯಾರೋಗೇಜ್ ಹಳಿಯ ಪುಟ್ಟ ರೈಲನ್ನು ನಂಬಿದ್ದರು. ಇಂದು ಗೌರಿಬಿದನೂರಿನಿಂದ ಹೊರಟರೂ ಚಿಂತಾಮಣಿಯಿಂದ ಹೊರಟರೂ ಒಂದೆರಡು ಗಂಟೆಗಳಲ್ಲಿ ಸಪ್ತಸಾಗರದಾಚೆ ಹಾರುವ ವಿಮಾನದ ಬಾಗಿಲಲ್ಲಿರಬಹುದು.

ಹಾಗೆ ಹೊರಟು ನಿಲ್ಲುವವರಲ್ಲಿ ನಿವೃತ್ತ ದಂಪತಿಗಳ ಪಾಲು ಸಣ್ಣದಲ್ಲ. ಹೈಸ್ಕೂಲಿನ ಮೇಷ್ಟ್ರಾಗಿದ್ದವರು, ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದವರು, ರೇಷ್ಮೆ ಇಲಾಖೆಯಲ್ಲೋ ವಿದ್ಯುತ್ ಮಂಡಳಿಯಲ್ಲೋ ದುಡಿದು ಪಿಂಚಣಿ ಪಡೆಯುತ್ತಿರುವವರು ಮಗನಿರುವ ಡಲ್ಲಾಸಿಗೆ, ಮಗಳಿರುವ ಮೆಲ್ಬರ್ನಿಗೆ ಪಯಣಿಸುತ್ತಾರೆ. ಸೂಟ್‌ಕೇಸಿನಲ್ಲಿ ಸಾರಿನ ಪುಡಿ, ಚಟ್ನಿಪುಡಿ, ಕೂಸಿಗೆಂದು ರಾಗಿಸರಿ. ನಾಲ್ಕಾರು ವಾರಗಳ ಬಳಿಕ ನಯಾಗರ ಜಲಪಾತದ ಮುಂದೆ ನೀಲಿ ಮಳೆಯಂಗಿ ತೊಟ್ಟು ನಿಂತ ಭಾವಚಿತ್ರ ಬಂಧುಗಳ ಮೊಬೈಲಿಗೆ ಬರುತ್ತದೆ. ‘ಪುಣ್ಯವಂತರು, ಫಾರಿನ್ ಸುತ್ತುತ್ತಿದ್ದಾರೆ’ ಎಂದು ಊರು ಮೆಚ್ಚಿಕೊಳ್ಳುತ್ತದೆ. ಆದರೆ ಆ ಭಾವಚಿತ್ರದ ಹಿಂದಿನ ಆರು ತಿಂಗಳುಗಳನ್ನು ಪ್ರವಾಸವೆಂದು ಕರೆಯಬಹುದೇ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದಿಲ್ಲ.

ವಿದೇಶಯಾನದ ಪರಂಪರೆ ಈ ಸೀಮೆಗೆ ಹೊಸದಲ್ಲ. ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನ್ ನೋಡಿ ಬಂದವರು. 1908ರಲ್ಲಿ ಮುಂಬಯಿ ಸರ್ಕಾರದ ಸೇವೆಯಿಂದ ಸ್ವಇಚ್ಛೆಯಿಂದ ನಿವೃತ್ತರಾಗಲು ನಿರ್ಧರಿಸಿ ಅವರು ಹೊರಟಿದ್ದು ಯುರೋಪ್, ಅಮೆರಿಕಗಳ ಸುತ್ತಾಟಕ್ಕೆ. ಇಟಲಿಯಲ್ಲಿದ್ದಾಗ ಹೈದರಾಬಾದಿನ ನಿಜಾಮರ ಸರ್ಕಾರದ ಕರೆ ಅವರನ್ನು ತಲುಪಿತು. ಪ್ರವಾಸ ಮುಗಿಸಿ 1909ರಲ್ಲಿ ಅಲ್ಲಿಗೆ ಹೋದ ಅವರು ಮೂಸಿ ನದಿಯ ಪ್ರವಾಹ ತಡೆಯುವ ಯೋಜನೆಯನ್ನು ಕೈಗೆತ್ತಿಕೊಂಡರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ 1960ರಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದು ಮರಳಿ ಬಂದು, ತಮ್ಮ ಬದುಕನ್ನು ಇಲ್ಲಿನ ಕಾಲೇಜುಗಳಿಗೆ ಧಾರೆಯೆರೆದರು. ಕನ್ನಡ ಸಾಹಿತ್ಯದಲ್ಲೂ ಇಳಿವಯಸ್ಸಿನ ಪ್ರಯಾಣಕ್ಕೆ ಗೌರವದ ಸ್ಥಾನವಿದೆ. ಎ.ಎನ್. ಮೂರ್ತಿರಾಯರು ತಮ್ಮ ಪ್ರವಾಸ ಕಥನಕ್ಕೆ ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಎಂದೇ ಹೆಸರಿಟ್ಟರು. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕಾದಲ್ಲಿ ಗೊರೂರು’ ಕೃತಿಗೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಇವರೆಲ್ಲರ ಪಯಣದಲ್ಲಿ ಸಾಮಾನ್ಯವಾದ ಅಂಶ ಒಂದೇ: ನೋಡುವುದಕ್ಕೆ, ಕಲಿಯುವುದಕ್ಕೆ, ಯೋಚಿಸುವುದಕ್ಕೆ ಅವರಿಗೆ ತಮ್ಮದೇ ಆದ ಹೊತ್ತು ಇತ್ತು.

ಇಂದಿನ ಬಹುಪಾಲು ಹಿರಿಯರಿಗೆ ಇಲ್ಲದಿರುವುದು ಆ ಹೊತ್ತೇ. ಟಿಕೆಟ್ಟಿನ ದಿನಾಂಕ ನಿಶ್ಚಯವಾಗುವುದು ಸೊಸೆಯ ಹೆರಿಗೆಯ ದಿನ ನೋಡಿಕೊಂಡು. ತಾಯಿಗೆ ಬಾಣಂತನ, ಅಡುಗೆ, ಕೂಸಿನ ಸ್ನಾನ, ರಾತ್ರಿಯ ಜಾಗರಣೆ. ತಂದೆಗೆ ಪಾತ್ರೆ, ಬಟ್ಟೆ, ಹಿರಿಯ ಮೊಮ್ಮಗನನ್ನು ಶಾಲೆಯ ಬಸ್ಸಿಗೆ ಹತ್ತಿಸಿ ಇಳಿಸಿಕೊಳ್ಳುವ ಹೊಣೆ. ಅಮೆರಿಕದ ಅನೇಕ ಉಪನಗರಗಳಲ್ಲಿ ಕಾರು ಓಡಿಸಲಾರದವನಿಗೆ ಹೊಸ್ತಿಲೇ ಗಡಿ. ನಡೆದು ಹೋಗಲು ಅಂಗಡಿಯಿಲ್ಲ, ಹತ್ತಲು ಬಸ್ಸಿಲ್ಲ, ಮಾತಿಗೆ ನೆರೆಮನೆಯಿಲ್ಲ. ಚಿಂತಾಮಣಿಯ ಬೀದಿಯಲ್ಲಿ ಹತ್ತು ಹೆಜ್ಜೆಗೊಬ್ಬರು ‘ನಮಸ್ಕಾರ ಸಾರ್’ ಎನ್ನುತ್ತಿದ್ದ ಮೇಷ್ಟ್ರಿಗೆ ಅಲ್ಲಿ ದಿನವಿಡೀ ಸಿಗುವ ಶ್ರೋತೃ ಎಂಟು ತಿಂಗಳ ಮೊಮ್ಮಗಳೊಬ್ಬಳೇ. ನಯಾಗರಕ್ಕೆ ದೊರಕುವುದು ಒಂದು ವಾರಾಂತ್ಯ.

ಇದಕ್ಕೆ ಮಕ್ಕಳ ಸ್ವಾರ್ಥವನ್ನಷ್ಟೇ ದೂರಿದರೆ ಮೂಲವನ್ನು ಮರೆತಂತಾಗುತ್ತದೆ. ನಮ್ಮ ದೇಶದಲ್ಲಿ 2017ರ ತಿದ್ದುಪಡಿಯ ನಂತರ, ಹೆರಿಗೆ ಸೌಲಭ್ಯ ಕಾಯ್ದೆಯ ವ್ಯಾಪ್ತಿಗೆ ಬರುವ ಉದ್ಯೋಗಸ್ಥ ಮಹಿಳೆಗೆ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ಸಂಬಳಸಹಿತ ರಜೆ ಸಿಗುತ್ತದೆ. ಅಮೆರಿಕದಲ್ಲಿ 1993ರ ಕೇಂದ್ರ ಕಾನೂನು ಕೊಡುವುದು 12 ವಾರಗಳ ರಜೆ ಮಾತ್ರ. ಅದೂ ಸಂಬಳವಿಲ್ಲದ್ದು; ಖಾಸಗಿ ವಲಯದಲ್ಲಿ 50ಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗಳಿಗೆ ಅನ್ವಯಿಸದ್ದು. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ತಮ್ಮದೇ ವ್ಯವಸ್ಥೆ ಮಾಡಿಕೊಂಡಿವೆ, ಕೆಲವು ಕಂಪನಿಗಳು ಉದಾರವಾಗಿವೆ ಎಂಬುದು ನಿಜ. ಆದರೂ ಮೂರು ತಿಂಗಳ ಕೂಸನ್ನು ಬಿಟ್ಟು ಕೆಲಸಕ್ಕೆ ಮರಳಬೇಕಾದ ತಾಯಿಯ ಎದುರು, ಮನೆಬಾಡಿಗೆಗೆ ಸರಿಗಟ್ಟುವಷ್ಟು ದುಬಾರಿಯಾದ ಶಿಶುಪಾಲನಾ ಕೇಂದ್ರವನ್ನು ಬಿಟ್ಟರೆ ಉಳಿಯುವ ದಾರಿ ಊರಿನ ಅಮ್ಮನೇ. ಸಿರಿವಂತ ದೇಶವೊಂದರ ಕಾನೂನಿನ ಕೊರತೆಯನ್ನು ಶಿಡ್ಲಘಟ್ಟದ ಅಜ್ಜಿಯೊಬ್ಬಳು ತನ್ನ ಮಂಡಿನೋವನ್ನು ನುಂಗಿಕೊಂಡು ತುಂಬಿಕೊಡುತ್ತಿದ್ದಾಳೆ. ಆಕೆಯ ವೀಸಾದ ಮೇಲಿರುವ ಹೆಸರು ‘ಸಂದರ್ಶಕಿ’.

ಸಂದರ್ಶಕರು ಆ ದೇಶದಲ್ಲಿ ಉದ್ಯೋಗ ಮಾಡುವಂತಿಲ್ಲ. ಒಮ್ಮೆ ಹೋದರೆ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಅನುಮತಿ ಸಿಗುತ್ತದೆ. ಈ ಆರು ತಿಂಗಳ ಲೆಕ್ಕದಿಂದಲೇ ನಮ್ಮ ಕುಟುಂಬಗಳಲ್ಲಿ ಹೊಸದೊಂದು ಪದ್ಧತಿ ಹುಟ್ಟಿದೆ. ಮೊದಲ ಆರು ತಿಂಗಳು ಹೆಣ್ಣಿನ ತಂದೆತಾಯಿ, ನಂತರದ ಆರು ತಿಂಗಳು ಗಂಡಿನ ತಂದೆತಾಯಿ. ಕಾರ್ಖಾನೆಯ ಪಾಳಿಯಂತೆ ಬೀಗರು ಬೀಗರಿಗೆ ಕೂಸನ್ನು ಹಸ್ತಾಂತರಿಸುತ್ತಾರೆ. ಕೆಲವೊಮ್ಮೆ ದಂಪತಿಗಳೇ ಅಗಲಬೇಕಾಗುತ್ತದೆ. ಹಾಸಿಗೆ ಹಿಡಿದ ಹಿರಿಯ ಜೀವವೊಂದು ಮನೆಯಲ್ಲಿದ್ದರೆ, ತೋಟ ನೋಡುವವರಿಲ್ಲದಿದ್ದರೆ, ಪತ್ನಿ ನ್ಯೂಜೆರ್ಸಿಯಲ್ಲಿ, ಪತಿ ಗೌರಿಬಿದನೂರಿನಲ್ಲಿ. ನೌಕರಿಯ ವರ್ಷಗಳಲ್ಲಿ ವರ್ಗಾವಣೆಯ ಕಾರಣಕ್ಕೆ ದೂರವಿದ್ದು, ನಿವೃತ್ತಿಯ ನಂತರವಾದರೂ ಜೊತೆಗಿರೋಣವೆಂದು ಕಾದವರು ಮತ್ತೆ ವೀಡಿಯೊ ಕರೆಯಲ್ಲಿ ಮುಖ ನೋಡಿಕೊಳ್ಳುತ್ತಾರೆ.

ಮೊಮ್ಮಕ್ಕಳನ್ನು ಸಾಕುವುದು ಕಷ್ಟದ ಕೆಲಸ, ಅದನ್ನು ಬಿಟ್ಟುಬಿಡಿ ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಅದಕ್ಕಿಂತ ದೊಡ್ಡ ಸುಖ ಇಳಿವಯಸ್ಸಿನಲ್ಲಿ ಮತ್ತೊಂದಿಲ್ಲ. ಪರದೇಶದಲ್ಲಿ ಹುಟ್ಟಿದ ಕೂಸಿನ ಕಿವಿಗೆ ಮೊದಲ ಕನ್ನಡ ಬೀಳುವುದು ಅಜ್ಜಿಯ ಜೋಗುಳದಿಂದ. ಈ ಸೀಮೆಯ ಎಷ್ಟೋ ಮನೆಗಳಲ್ಲಿ ಅದರ ಜೊತೆಗೇ ತೆಲುಗೂ ಬೀಳುತ್ತದೆ. ಆ ಋಣವನ್ನು ಯಾವ ಹಣವೂ ತೀರಿಸದು. ಆದರೆ ಊರಿನ ಮನೆಯಲ್ಲಿ ಕೂಸು ಸಾಕುವ ಅಜ್ಜಿಗೆ ವಾರಗಿತ್ತಿಯ ನೆರವಿತ್ತು, ನೆರೆಯವರ ಕೈ ಇತ್ತು, ‘ಇವತ್ತು ನನ್ನಿಂದಾಗದು’ ಎನ್ನುವ ಅಧಿಕಾರವೂ ಇತ್ತು. ಮಗನ ಮನೆಯಲ್ಲಿ, ಮಗನ ಖರ್ಚಿನಲ್ಲಿ, ಮಗ ಕಾರು ತೆಗೆದರೆ ಮಾತ್ರ ಹೊರಗೆ ಕಾಲಿಡಬಲ್ಲ ಸ್ಥಿತಿಯಲ್ಲಿ ಆ ಮಾತನ್ನು ಆಡುವುದು ಸುಲಭವಲ್ಲ. ಪ್ರೀತಿಯಿಂದ ಮಾಡಿದ ಕೆಲಸವೂ ಕೆಲಸವೇ. ಅದನ್ನು ಕೆಲಸವೆಂದು ಗುರುತಿಸದಿದ್ದಾಗ ಬಿಡುವಿನ ಮಾತೂ ಎತ್ತಲಾಗದು.

ಆರೋಗ್ಯದ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಅಮೆರಿಕದ ಹಿರಿಯರಿಗೆ ಅಲ್ಲಿನ ಸರ್ಕಾರ ನೀಡುವ ಆರೋಗ್ಯ ವಿಮೆ ಸಂದರ್ಶಕರಿಗೆ ದೊರೆಯುವುದಿಲ್ಲ. ಪ್ರವಾಸಿಗಳಿಗೆಂದು ಮಾರುವ ಎಷ್ಟೋ ಪಾಲಿಸಿಗಳು ಮೊದಲೇ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ವಿಷಯಕ್ಕೆ ಬಂದಾಗ ನಾನಾ ಷರತ್ತುಗಳನ್ನು ಮುಂದೊಡ್ಡುತ್ತವೆ. ಒಂದು ರಾತ್ರಿಯ ಆಸ್ಪತ್ರೆ ವಾಸ ಮಗನ ಉಳಿತಾಯವನ್ನು ಕರಗಿಸೀತೆಂಬ ಭಯದಿಂದ ಎದೆನೋವನ್ನು ಗ್ಯಾಸ್ಟ್ರಿಕ್ ಎಂದು ಮುಚ್ಚಿಡುವ ತಂದೆಯರಿದ್ದಾರೆ. ಇದು ಸಂಕೋಚದಿಂದ ಪ್ರಾಣಕ್ಕೆ ಸಂಚಕಾರ ತಂದುಕೊಳ್ಳುವ ಸ್ಥಿತಿ.

ಈ ವಿಷಯದಲ್ಲಿ ಕೆನಡಾ ನಮಗೊಂದು ಪಾಠ ಹೇಳುತ್ತದೆ. 2011ರಲ್ಲಿ ಅದು ತಂದೆತಾಯಿ ಹಾಗೂ ಅಜ್ಜಅಜ್ಜಿಯರಿಗಾಗಿಯೇ ಸೂಪರ್ ವೀಸಾ ಎಂಬ ವ್ಯವಸ್ಥೆಯನ್ನು ಆರಂಭಿಸಿತು. 2022ರಿಂದ ಅದರಡಿ ಒಮ್ಮೆಗೆ ಐದು ವರ್ಷಗಳವರೆಗೂ ಇರಬಹುದಾಗಿದೆ. ಆದರೆ ಕನಿಷ್ಠ ಒಂದು ಲಕ್ಷ ಕೆನಡಾ ಡಾಲರ್ ಮೊತ್ತದ ಆರೋಗ್ಯ ವಿಮೆ ಕಡ್ಡಾಯ. ಹಿರಿಯರ ಖರ್ಚಿನ ಹೊಣೆ ತನ್ನದೆಂದು ಮಗ, ಮಗಳು ಅಥವಾ ಮೊಮ್ಮಗ ಲಿಖಿತ ಭರವಸೆ ಕೊಡಬೇಕು. ಪರದೇಶದ ಸರ್ಕಾರವೊಂದು ನಮ್ಮ ಮಕ್ಕಳಿಂದ ಬರೆಸಿಕೊಳ್ಳುವ ಮಾತನ್ನು ನಾವೇ ಮನೆಯೊಳಗೆ ಆಡಿಕೊಳ್ಳಲು ಹಿಂಜರಿಯಬೇಕೇಕೆ?

ಆದ್ದರಿಂದ ಟಿಕೆಟ್ ಕೊಳ್ಳುವ ಮುನ್ನ ಎರಡು ಪೀಳಿಗೆಗಳೂ ಕುಳಿತು ನಾಲ್ಕು ಮಾತುಗಳನ್ನು ಇತ್ಯರ್ಥ ಮಾಡಿಕೊಳ್ಳುವುದು ಒಳಿತು. ಮೊದಲನೆಯದು ಅವಧಿ: ವೀಸಾ ಆರು ತಿಂಗಳು ಅನುಮತಿಸಿದ ಮಾತ್ರಕ್ಕೆ ಆರು ತಿಂಗಳೂ ಇರಲೇಬೇಕೆಂದಿಲ್ಲ. ಎರಡನೆಯದು ಬಿಡುವು: ವಾರಕ್ಕೆರಡು ದಿನವಾದರೂ ಕೂಸಿನ ಹೊಣೆ ಸಂಪೂರ್ಣವಾಗಿ ಹೆತ್ತವರದ್ದಾಗಬೇಕು, ಸಾಧ್ಯವಿದ್ದರೆ ಅರ್ಧ ದಿನಕ್ಕೆ ಸಂಬಳದ ಸಹಾಯಕರಿರಬೇಕು. ಮೂರನೆಯದು ನಿಜವಾದ ಪ್ರವಾಸ: ಹತ್ತು ಹದಿನೈದು ದಿನಗಳನ್ನು ಆ ದಂಪತಿ ಇಬ್ಬರಿಗಾಗಿಯೇ ಮೀಸಲಿಡಬೇಕು. ನಾಲ್ಕನೆಯದು ಆರೋಗ್ಯ: ಯಾವ ವಿಮೆ, ಯಾವ ಆಸ್ಪತ್ರೆ, ಖರ್ಚು ಯಾರದು ಎಂಬುದು ಮೊದಲೇ ಸ್ಪಷ್ಟವಿರಬೇಕು. ನವೆಂಬರಿನಲ್ಲಿ ಸಲ್ಲಿಸಬೇಕಾದ ಪಿಂಚಣಿಯ ಜೀವಿತ ಪ್ರಮಾಣಪತ್ರದ ದಾರಿಯನ್ನೂ ಅದರೊಡನೆಯೇ ವಿಚಾರಿಸಿಟ್ಟುಕೊಳ್ಳಬೇಕು. ಕೇಂದ್ರ ಸರ್ಕಾರ 2014ರಲ್ಲಿ ತಂದ ‘ಜೀವನ್ ಪ್ರಮಾಣ್’ ಡಿಜಿಟಲ್ ವ್ಯವಸ್ಥೆ ಬಹಳಷ್ಟು ಪಿಂಚಣಿದಾರರ ಅಲೆದಾಟವನ್ನು ತಗ್ಗಿಸಿದೆ.

ಹೆತ್ತ ಮಕ್ಕಳೊಡನೆ ಕರಾರೇ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ನಮ್ಮ ಸಂಪ್ರದಾಯ ಮಾತುಕತೆಯನ್ನು ಎಂದೂ ಕೀಳೆಂದು ಎಣಿಸಿಲ್ಲ. ಮದುವೆಗೆ ಮುನ್ನ ಹಿರಿಯರೆದುರು ಕುಳಿತು ಎಲ್ಲವನ್ನೂ ಮಾತಾಡಿ ವೀಳ್ಯ ಬದಲಾಯಿಸಿಕೊಳ್ಳುವವರು ನಾವು. ಮಾತಾಡಿದ್ದರಿಂದ ಮದುವೆಯ ಪ್ರೀತಿ ಕಡಿಮೆಯಾಗಲಿಲ್ಲ. ಮಾತಾಡದೆ ಬಿಟ್ಟದ್ದೇ ಮುಂದೆ ಮುನಿಸಿಗೆ ಮೂಲವಾದದ್ದುಂಟು. ಹಿರಿಯರ ಕಡೆಯಿಂದಲೂ ಒಂದು ಕರ್ತವ್ಯವಿದೆ. ಆಗುವುದಿಲ್ಲವೆಂಬುದನ್ನು ನಗುನಗುತ್ತ ಹೇಳಲು ಅವರು ಕಲಿಯಬೇಕು. ತ್ಯಾಗವನ್ನು ಮೌನವಾಗಿ ಮಾಡಿ, ಊರಿಗೆ ಬಂದಮೇಲೆ ಬಂಧುಗಳೆದುರು ಸೊಸೆಯನ್ನು ದೂರುವುದು ಯಾರಿಗೂ ಶೋಭೆಯಲ್ಲ.

ಇಷ್ಟಾದರೆ ಊರಿಗೂ ಲಾಭವಿದೆ. ಬಿಡುವಿದ್ದ ಕಣ್ಣಿಗೆ ಅಲ್ಲಿನ ಸಾರ್ವಜನಿಕ ಗ್ರಂಥಾಲಯ ಕಾಣುತ್ತದೆ. ಗಾಲಿಕುರ್ಚಿಯವರಿಗೂ ಹತ್ತಲು ಬರುವ ಬಸ್ಸು, ಮುದುಕರಿಗಾಗಿಯೇ ನಡೆಯುವ ಹಗಲಿನ ಕೇಂದ್ರ ಕಾಣುತ್ತವೆ. ಚಿಕ್ಕಬಳ್ಳಾಪುರದಲ್ಲೋ ಶಿಡ್ಲಘಟ್ಟದಲ್ಲೋ ಒಂದು ನೆಟ್ಟಗಿನ ಕಾಲುದಾರಿ, ಹಿರಿಯರು ಕೂರಲು ನೆರಳಿನ ತಾಣ ಏಕಿಲ್ಲವೆಂದು ಪುರಸಭೆ, ನಗರಸಭೆಗಳನ್ನು ಕೇಳುವ ಧೈರ್ಯ ಅಂಥವರಿಗೆ ಬರುತ್ತದೆ. ವಿಶ್ವೇಶ್ವರಯ್ಯನವರ ತಾಲ್ಲೂಕಿನಲ್ಲಿ ಇದನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ವೀಸಾದ ಮೇಲೆ ‘ಸಂದರ್ಶಕ’ ಎಂದು ಬರೆದಿರುವುದನ್ನು ಸುಳ್ಳಾಗಿಸದೆ, ನಮ್ಮ ತಂದೆತಾಯಿಯರಿಗೆ ಆ ದೇಶವನ್ನು ಸಂದರ್ಶಿಸಲು ಬಿಡುವುದು ಅಲ್ಲಿರುವ ಮಕ್ಕಳ ಕೈಯಲ್ಲಿದೆ.